ಕರುಳಿನ ಬ್ಯಾಕ್ಟೀರಿಯಾಕ್ಕೆ 41 ಅಂಕ ಬಂದಿದೆ, ಕ್ಯಾಪ್ಸೂಲ್ ನುಂಗಲೇ?

ಪ್ರಶ್ನೆ: ನಾನು ವಿರಾಜಪೇಟೆ ಸಮೀಪದ ಕಾಫಿ ಬೆಳೆಗಾರ. ವಯಸ್ಸು 52. ಫೆಬ್ರವರಿಯಲ್ಲಿ ಹಲ್ಲಿನ ಬುಡದಲ್ಲಿ ಕೀವಾಗಿ ಎರಡು ಸಲ ಆಂಟಿಬಯಾಟಿಕ್ ತೆಗೆದುಕೊಳ್ಳಬೇಕಾಯಿತು. ಅಂದಿನಿಂದ ಈ ಜುಲೈವರೆಗೂ ಹೊಟ್ಟೆ ಉಬ್ಬರ, ದಿನಕ್ಕೆ ಮೂರು ನಾಲ್ಕು ಬಾರಿ ತೆಳುವಾಗಿ ಹೋಗುತ್ತದೆ. ಬೆಂಗಳೂರಿನಲ್ಲಿರುವ ಮಗಳು ಒಂದು ಕಿಟ್ ತರಿಸಿ ನನ್ನ ಮಲದ ಮಾದರಿಯನ್ನು ಪರೀಕ್ಷೆಗೆ ಕಳಿಸಿದಳು. ಕರುಳಿನ ಬ್ಯಾಕ್ಟೀರಿಯಾಕ್ಕೆ ನೂರಕ್ಕೆ 41 ಅಂಕ, 'ದಪ್ಪ ಮಾಡುವ' ಬ್ಯಾಕ್ಟೀರಿಯಾ ಹೆಚ್ಚು ಎಂದು ವರದಿ ಬಂದಿದೆ. ಜೊತೆಗೆ ತಿಂಗಳಿಗೆ ಸಾವಿರಾರು ರೂಪಾಯಿಯ ಪ್ರೋಬಯಾಟಿಕ್, ಅಂದರೆ 'ಒಳ್ಳೆಯ' ಬ್ಯಾಕ್ಟೀರಿಯಾ ತುಂಬಿದ, ಕ್ಯಾಪ್ಸೂಲ್ ನುಂಗುವ ಸಲಹೆ. ದಪ್ಪಗಿನವರ ಕರುಳಿನ ಬ್ಯಾಕ್ಟೀರಿಯಾವನ್ನು ಇಲಿಗಳಿಗೆ ಸೇರಿಸಿದರೆ ಇಲಿಗಳೂ ದಪ್ಪಗಾಗುತ್ತವೆ ಎಂದು ಅಮೆರಿಕದ ವಿಜ್ಞಾನಿಯೊಬ್ಬರು ತೋರಿಸಿದ್ದಾರಂತೆ. ಇದು ನಿಜವೇ? ಕ್ಯಾಪ್ಸೂಲ್ ಶುರು ಮಾಡಲೇ? ಪಂದಿ ಕರಿ (ಹಂದಿಮಾಂಸದ ಕರಿ), ಕಾಫಿ ಎರಡನ್ನೂ ಬಿಡು ಎನ್ನುತ್ತಾಳೆ ಮಗಳು. ಬಿಡಬೇಕೇ?

ಉತ್ತರ: ಆ 41ನ್ನು ಸದ್ಯಕ್ಕೆ ಪಕ್ಕಕ್ಕಿಡಿ. ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ ಸಂಖ್ಯೆಗಳು ಬೇರೆ ಎರಡು: ವಯಸ್ಸು 52, ತೊಂದರೆ ಐದು ತಿಂಗಳು. ಐವತ್ತು ದಾಟಿದವರಿಗೆ ಮಲ ಹೋಗುವ ಕ್ರಮ ಬದಲಾಗಿ ತಿಂಗಳುಗಟ್ಟಲೆ ಹಾಗೆಯೇ ಉಳಿದರೆ, ಅದಕ್ಕೆ ಆಂಟಿಬಯಾಟಿಕ್ಕೇ ಕಾರಣ ಎಂದು ಮನೆಯಲ್ಲಿ ಕೂತು ತೀರ್ಮಾನಿಸಬಾರದು. ಮಲದಲ್ಲಿ ರಕ್ತ, ತೂಕ ಇಳಿಯುವುದು, ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿ, ಜ್ವರ, ರಕ್ತಹೀನತೆ, ಮನೆತನದಲ್ಲಿ ಯಾರಿಗಾದರೂ ದೊಡ್ಡ ಕರುಳಿನ ಕ್ಯಾನ್ಸರ್ ಆಗಿರುವುದು: ಇವುಗಳಲ್ಲಿ ಒಂದು ಇದ್ದರೂ ಈ ವಾರವೇ ವೈದ್ಯರನ್ನು ಕಾಣಿ. ಯಾವುದೂ ಇಲ್ಲದಿದ್ದರೂ ಈ ತಿಂಗಳೊಳಗೆ ಕಾಣಿ. ಹಿಮೋಗ್ಲೋಬಿನ್, ಥೈರಾಯ್ಡ್, ಸಕ್ಕರೆ ನೋಡಬೇಕು. ಮಲದಲ್ಲಿ ಜಿಯಾರ್ಡಿಯಾದಂಥ ಪರಾವಲಂಬಿಗಳಿವೆಯೇ ಎಂದು ನೋಡಬೇಕು. ತೋಟದ ಬಾವಿ ಅಥವಾ ಝರಿಯ ನೀರನ್ನು ಕಾಯಿಸದೆ ಕುಡಿಯುವ ಮನೆಗಳಲ್ಲಿ ಇದನ್ನು ಮರೆಯಲೇಬಾರದು. ಆಂಟಿಬಯಾಟಿಕ್ ಆದಮೇಲೆ ಶುರುವಾದ ಭೇದಿಯಾದ್ದರಿಂದ ಕ್ಲಾಸ್ಟ್ರಿಡಿಯೋಯ್ಡಿಸ್ ಡಿಫಿಸಿಲ್ ಎಂಬ ಬ್ಯಾಕ್ಟೀರಿಯಾದ ವಿಷವನ್ನೂ ಹುಡುಕಬೇಕು. ಕೊಲೊನೋಸ್ಕೋಪಿ (ದೊಡ್ಡ ಕರುಳಿನೊಳಗೆ ಕ್ಯಾಮೆರಾ ಇಳಿಸಿ ನೋಡುವ ಪರೀಕ್ಷೆ) ಬೇಕೇ ಎಂಬುದನ್ನು ನಿಮ್ಮನ್ನು ಕಣ್ಣಾರೆ ನೋಡಿದ ವೈದ್ಯರು ಹೇಳುತ್ತಾರೆ. ನಿಮ್ಮ ವಯಸ್ಸಿಗೆ ಅದು ಬೇಕಾಗುವ ಸಾಧ್ಯತೆಯೇ ಹೆಚ್ಚು. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ನುಂಗುತ್ತಿದ್ದರೆ ಅದನ್ನೂ ಹೇಳಿ, ಭೇದಿ ಮಾಡಿಸುವ ಮಾತ್ರೆಗಳಲ್ಲಿ ಅದೂ ಒಂದು. ನೀವು ದುಡ್ಡು ಕೊಟ್ಟು ಮಾಡಿಸಿದ ಪರೀಕ್ಷೆ ಇವುಗಳಲ್ಲಿ ಒಂದರ ಜಾಗವನ್ನೂ ತುಂಬುವುದಿಲ್ಲ.

ಈಗ ನಿಮ್ಮ ಮಗಳು ಹೇಳಿದ ವಿಜ್ಞಾನಿಯ ವಿಚಾರಕ್ಕೆ ಬರೋಣ. ಆಕೆ ಹೇಳಿದ್ದು ಸುಳ್ಳಲ್ಲ, ಆದರೆ ಕಥೆಯ ಕೊನೆಯ ಕಂತು ಆಕೆಗೆ ತಲುಪಿಲ್ಲ.

ಅವರ ಹೆಸರು ಜೆಫ್ರಿ ಗಾರ್ಡನ್. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದವರು, ನನ್ನ ಹಾಗೆ ಜೀರ್ಣಾಂಗದ ವೈದ್ಯರಾಗಿ ತರಬೇತಿ ಪಡೆದವರು. ಹೋಲಿಕೆ ಅಲ್ಲಿಗೆ ಮುಗಿಯಿತು: ಅವರಿಗೆ 2018ರಲ್ಲಿ ಬ್ರಿಟನ್ನಿನ ರಾಯಲ್ ಸೊಸೈಟಿಯ ಕೋಪ್ಲಿ ಪದಕ ಎಂಬ ದೊಡ್ಡ ವಿಜ್ಞಾನ ಗೌರವ ಬಂದಿದೆ. ಅವರ ಪ್ರಯೋಗಾಲಯದ ಬಂಡವಾಳ ಒಂದು ವಿಚಿತ್ರ ಬಗೆಯ ಇಲಿ. ಹುಟ್ಟಿನಿಂದಲೇ ಪ್ಲಾಸ್ಟಿಕ್ ಗೂಡಿನೊಳಗೆ, ಶುದ್ಧೀಕರಿಸಿದ ಗಾಳಿ, ನೀರು, ಆಹಾರದಲ್ಲಿ ಬೆಳೆದ, ಮೈಮೇಲೆ ಮೈಯೊಳಗೆ ಒಂದೇ ಒಂದು ಬ್ಯಾಕ್ಟೀರಿಯಾವೂ ಇಲ್ಲದ ಇಲಿ. 2004ರಲ್ಲಿ ಅವರ ತಂಡ ಇಂಥ ಇಲಿಗಳಿಗೆ ಸಾಮಾನ್ಯ ಇಲಿಗಳ ಕರುಳಿನ ಬ್ಯಾಕ್ಟೀರಿಯಾವನ್ನು ಸೇರಿಸಿತು. ಹದಿನಾಲ್ಕೇ ದಿನದಲ್ಲಿ ಅವುಗಳ ಮೈಯ ಕೊಬ್ಬು ಸುಮಾರು ಶೇ. 60ರಷ್ಟು ಹೆಚ್ಚಾಯಿತು. ತಿಂದದ್ದು ಮಾತ್ರ ಮೊದಲಿಗಿಂತ ಕಡಿಮೆ! ಇಲಿ ತಾನಾಗಿ ಅರಗಿಸಲಾಗದ ನಾರಿನಿಂದಲೂ ಬ್ಯಾಕ್ಟೀರಿಯಾ ಶಕ್ತಿಯನ್ನು ಹಿಂಡಿ ತೆಗೆದು ಒಡೆಯನಿಗೆ ಕೊಡುತ್ತಿತ್ತು. 2006ರಲ್ಲಿ ಇನ್ನೊಂದು ಹೆಜ್ಜೆ. ಬೊಜ್ಜಿನ ಇಲಿಯ ಬ್ಯಾಕ್ಟೀರಿಯಾ ಪಡೆದ ಇಲಿಗಳಲ್ಲಿ, ತೆಳ್ಳಗಿನ ಇಲಿಯ ಬ್ಯಾಕ್ಟೀರಿಯಾ ಪಡೆದವುಗಳಿಗಿಂತ ಹೆಚ್ಚು ಕೊಬ್ಬು ತುಂಬಿತು. ಪತ್ರಿಕೆಗಳಿಗೆ ಹಬ್ಬ. 'ನಿಮ್ಮ ಬೊಜ್ಜಿಗೆ ನೀವಲ್ಲ, ನಿಮ್ಮ ಬ್ಯಾಕ್ಟೀರಿಯಾ ಕಾರಣ' ಎಂಬ ಧಾಟಿಯ ಬರಹಗಳು ಜಗತ್ತಿನಾದ್ಯಂತ ಬಂದವು. ನಿಮ್ಮ ವರದಿಯಲ್ಲಿರುವ 'ದಪ್ಪ ಮಾಡುವ ಬ್ಯಾಕ್ಟೀರಿಯಾ' ಎಂಬ ಮಾತಿನ ಬೇರು ಇಲ್ಲಿದೆ.

ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು 2013ರ ಪ್ರಯೋಗ. ಈ ಸಲ ಬ್ಯಾಕ್ಟೀರಿಯಾ ಬಂದದ್ದು ಮನುಷ್ಯರಿಂದ: ಅವಳಿ ಸಹೋದರಿಯರು, ಒಬ್ಬಳು ದಪ್ಪ, ಇನ್ನೊಬ್ಬಳು ತೆಳ್ಳಗೆ, ಹೀಗೆ ನಾಲ್ಕು ಜೋಡಿ. ದಪ್ಪಗಿನವಳ ಬ್ಯಾಕ್ಟೀರಿಯಾ ಹೊಕ್ಕ ಇಲಿಗಳಿಗೆ ಕೊಬ್ಬು ಏರಿತು, ತೆಳ್ಳಗಿನವಳದು ಹೊಕ್ಕವು ತೆಳ್ಳಗೇ ಉಳಿದವು. ನಂತರ ಎರಡೂ ಬಗೆಯ ಇಲಿಗಳನ್ನು ಒಂದೇ ಗೂಡಿನಲ್ಲಿ ಬಿಟ್ಟರು. ಇಲಿಗಳು ಒಂದರ ಹಿಕ್ಕೆಯನ್ನು ಇನ್ನೊಂದು ತಿನ್ನುತ್ತವೆ, ಹಾಗಾಗಿ ಬ್ಯಾಕ್ಟೀರಿಯಾ ತಾನಾಗಿಯೇ ಅದಲುಬದಲಾಗುತ್ತದೆ. ತೆಳ್ಳಗಿನ ಇಲಿಯ ಬ್ಯಾಕ್ಟೀರಿಯಾ ಜೊತೆಗಾರನ ಕರುಳಿಗೆ ಹೋಗಿ ನೆಲೆಸಿ, ಅದು ದಪ್ಪಗಾಗುವುದನ್ನು ತಡೆಯಿತು. ಸಾಮಾನ್ಯವಾಗಿ ಕಥೆಯನ್ನು ಇಲ್ಲಿಗೆ ನಿಲ್ಲಿಸುತ್ತಾರೆ. ಮುಂದಿನದು ಹೀಗಿದೆ: ಅದೇ ಇಲಿಗಳಿಗೆ ಕೊಬ್ಬು ಹೆಚ್ಚಿರುವ, ಹಣ್ಣು ತರಕಾರಿ ಕಡಿಮೆ ಇರುವ ಆಹಾರ ಹಾಕಿದಾಗ, ತೆಳ್ಳಗಿನವರ ಬ್ಯಾಕ್ಟೀರಿಯಾ ಆ ಕರುಳಿನಲ್ಲಿ ಬೇರೂರಲಿಲ್ಲ. ಬಂದಿತು, ತಿನ್ನಲು ಏನೂ ಸಿಗಲಿಲ್ಲ, ಹೋಯಿತು.

ಕಾಫಿ ಬೆಳೆಗಾರರಾದ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನರ್ಸರಿಯಿಂದ ಎಷ್ಟೇ ಒಳ್ಳೆಯ ಸಸಿ ತಂದರೂ, ಹಾಲುವಾಣದ ಮರದ ನೆರಳಿಲ್ಲದ ಬೋಳು ಬಾಣೆಯಲ್ಲಿ (ಗುಡ್ಡದ ನೆಲದಲ್ಲಿ) ನೆಟ್ಟರೆ ಮುಂದಿನ ಬೇಸಿಗೆ ದಾಟುತ್ತದೆಯೇ? ಕ್ಯಾಪ್ಸೂಲ್ ಮಾರುವವರು ಸಸಿ ಮಾರುತ್ತಾರೆ. ಗಾರ್ಡನ್ ತೋರಿಸಿದ್ದು ನೆಲ ಮತ್ತು ನೆರಳಿನ ಲೆಕ್ಕವನ್ನು.

ಬೊಜ್ಜಿನ ಮಾತು ಬಂದದ್ದರಿಂದ ಇನ್ನೊಂದನ್ನೂ ಹೇಳಿಬಿಡುತ್ತೇನೆ. ತೆಳ್ಳಗಿನವರ ಮಲದಿಂದ ತೆಗೆದ ಬ್ಯಾಕ್ಟೀರಿಯಾವನ್ನು ಬೊಜ್ಜಿರುವ ಮನುಷ್ಯರಿಗೆ ಕ್ಯಾಪ್ಸೂಲ್ ಮೂಲಕ ಕೊಟ್ಟು ನೋಡಿದ ಪ್ರಯೋಗಗಳು ಆಗಿವೆ. ತೂಕ ಗಮನಾರ್ಹವಾಗಿ ಇಳಿಯಲಿಲ್ಲ. ಬ್ಯಾಕ್ಟೀರಿಯಾವೇ ಇಲ್ಲದ ಇಲಿಯ ಕರುಳು ಖಾಲಿ ಸೈಟು, ಯಾರು ಬೇಕಾದರೂ ಮನೆ ಕಟ್ಟಬಹುದು. 52 ವರ್ಷದ ಮನುಷ್ಯನ ಕರುಳು ಹಾಗಲ್ಲ. ಅಲ್ಲಿ ಆಗಲೇ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾ ಬೀಡುಬಿಟ್ಟಿವೆ. ನಮ್ಮ ಸ್ವಂತ ಜೀವಕೋಶಗಳು ಸುಮಾರು 30 ಲಕ್ಷ ಕೋಟಿ. ಇದು ಇಸ್ರೇಲಿನ ವೈಜ್‌ಮನ್ ಸಂಸ್ಥೆಯವರು 2016ರಲ್ಲಿ ಹಾಕಿದ ಲೆಕ್ಕ. ಬ್ಯಾಕ್ಟೀರಿಯಾ ನಮ್ಮ ಜೀವಕೋಶಗಳ ಹತ್ತು ಪಟ್ಟು ಎಂಬ ಹಳೆಯ ಮಾತು ಇನ್ನೂ ಭಾಷಣಗಳಲ್ಲಿ ಓಡಾಡುತ್ತಿದೆ. ನಿಮ್ಮ ಕಿಟ್‌ನ ಕೈಪಿಡಿಯಲ್ಲೂ ಇರಬಹುದು, ನೋಡಿ. ಈ ಬ್ಯಾಕ್ಟೀರಿಯಾ ಎಲ್ಲ ಸೇರಿ ತೂಗುವುದು ಸುಮಾರು 200 ಗ್ರಾಂ.

ಈ 200 ಗ್ರಾಂ ಮಾಡುವ ಕೆಲಸ ಏನು? ನಾನೂ ಕಾಫಿ ತೋಟದ ಮನೆಯಲ್ಲಿ ಹುಟ್ಟಿದವನು, ನನಗೆ ಇದು ಅರ್ಥವಾದದ್ದು ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮನೆಯ ತೊಟ್ಟಿಯಿಂದ. ನಿಮ್ಮ ಕಡೆ ರೊಬಸ್ಟಾ ಕಾಫಿ ಹೆಚ್ಚು, ಸಿಪ್ಪೆ ಸುಲಿಯದೆ ಚೆರಿಯಾಗಿಯೇ ಒಣಗಿಸುವವರು ಬಹಳ. ಆದರೂ ಅರೇಬಿಕಾ ತೊಟ್ಟಿಯನ್ನು ನೀವು ನೋಡದೆ ಇರಲಿಕ್ಕಿಲ್ಲ. ಸಿಪ್ಪೆ ಸುಲಿದ ಬೀಜದ ಮೇಲೆ ಕೈಯಿಂದ ಜಾರುವಂಥ ಲೋಳೆ ಇರುತ್ತದೆ. ಎಷ್ಟು ನೀರು ಹಾಕಿ ತೊಳೆದರೂ ಹೋಗುವುದಿಲ್ಲ. ತೊಟ್ಟಿಯಲ್ಲಿ ಒಂದು ದಿನವೋ ಒಂದೂವರೆ ದಿನವೋ ಬಿಟ್ಟರೆ, ಹಣ್ಣಿನ ಸಿಪ್ಪೆಯ ಮೇಲೇ ಬಂದಿದ್ದ ಬ್ಯಾಕ್ಟೀರಿಯಾ, ಯೀಸ್ಟ್‌ಗಳು ಆ ಲೋಳೆಯನ್ನು ತಿಂದು ಹುಳಿ ಬಿಡುತ್ತವೆ. ಅಪ್ಪ ತೊಟ್ಟಿಗೆ ಕೈ ಹಾಕಿ ಒಂದು ಮುಷ್ಟಿ ಬೀಜ ಎತ್ತಿ ಉಜ್ಜುತ್ತಿದ್ದರು. ಜಾರಿದರೆ ಇನ್ನೂ ಹೊತ್ತಿದೆ, ಹರಳು ಕಲ್ಲಿನ ಹಾಗೆ ಗರಗರ ಎಂದರೆ ತೊಳೆಯಬಹುದು. ಚಳಿ ಹೆಚ್ಚಿದ ರಾತ್ರಿ ಕಳೆದರೆ ಮರುದಿನ ಮಧ್ಯಾಹ್ನದವರೆಗೂ ಕಾಯಬೇಕಾಗುತ್ತಿತ್ತು. ಆ ತೊಟ್ಟಿಗೆ ಅಂಗಡಿಯಿಂದ ಬ್ಯಾಕ್ಟೀರಿಯಾ ತಂದು ಹಾಕಿದ್ದನ್ನು ನಾನು ನೋಡಿಲ್ಲ.

ಆ ಲೋಳೆಯ ಮುಖ್ಯ ಅಂಶಗಳಲ್ಲಿ ಒಂದು ಪೆಕ್ಟಿನ್. ಸೀಬೆ, ಕಿತ್ತಳೆ, ತರಕಾರಿಗಳಲ್ಲೂ ಅದೇ ಪೆಕ್ಟಿನ್ ಇದೆ. ನಮ್ಮ ಹೊಟ್ಟೆಯ ಆಮ್ಲಕ್ಕೂ ಸಣ್ಣ ಕರುಳಿನ ಕಿಣ್ವಗಳಿಗೂ ಬಗ್ಗದೆ ಅದು ದೊಡ್ಡ ಕರುಳಿಗೆ ಇಳಿಯುತ್ತದೆ. ಅಲ್ಲಿ ಬ್ಯಾಕ್ಟೀರಿಯಾ ಅದನ್ನು ಮುರಿದು ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್ ಎಂಬ ಕಿರು ಆಮ್ಲಗಳನ್ನು ಮಾಡುತ್ತವೆ. ದೊಡ್ಡ ಕರುಳಿನ ಒಳಪದರದ ಜೀವಕೋಶಗಳು ತಮ್ಮ ಶಕ್ತಿಯ ಬಹುಪಾಲನ್ನು ಪಡೆಯುವುದು ಬ್ಯುಟಿರೇಟ್‌ನಿಂದ. ರಕ್ತದಲ್ಲಿ ಸಕ್ಕರೆ ಎಷ್ಟೇ ಹರಿಯುತ್ತಿರಲಿ, ಅವುಗಳಿಗೆ ಇದೇ ಇಷ್ಟ. ನಾರು ಬರುವುದು ನಿಂತರೆ ಕೆಲವು ಬ್ಯಾಕ್ಟೀರಿಯಾ ಉಪವಾಸ ಕೂರುವುದಿಲ್ಲ, ಕರುಳಿನ ಗೋಡೆಯನ್ನು ಕಾಯುವ ಲೋಳೆಯ ಪದರವನ್ನೇ ಮೇಯಲು ತೊಡಗುತ್ತವೆ. ಇಲಿಗಳಲ್ಲಿ ಇದನ್ನು ಕಣ್ಣಾರೆ ಕಂಡಿದ್ದಾರೆ.

ಗಾರ್ಡನ್ ಅವರ ಕೆಲಸ ಬೊಜ್ಜಿನಲ್ಲಿ ಶುರುವಾಗಿ ಹಸಿವಿನ ಕಡೆಗೆ ಹೊರಳಿದ್ದು ನಮಗೆ ಹೆಚ್ಚು ಹತ್ತಿರದ ವಿಷಯ. ಢಾಕಾದ ಅತಿಸಾರ ಸಂಶೋಧನಾ ಕೇಂದ್ರದ ತಹ್ಮೀದ್ ಅಹ್ಮದ್ ಅವರೊಂದಿಗೆ ಸೇರಿ ಅವರು ಮಿರ್‌ಪುರ ಕೊಳೆಗೇರಿಯ ಮಕ್ಕಳನ್ನು ಅಧ್ಯಯನ ಮಾಡಿದರು. ಅಪೌಷ್ಟಿಕತೆಯ ಮಕ್ಕಳಿಗೆ ಹೊಟ್ಟೆ ತುಂಬ ಪೌಷ್ಟಿಕ ಆಹಾರ ಕೊಟ್ಟರೂ ಬೆಳವಣಿಗೆ ಪೂರ್ತಿ ಹಳಿಗೆ ಬರುತ್ತಿರಲಿಲ್ಲ. ಅವರ ಕರುಳಿನ ಬ್ಯಾಕ್ಟೀರಿಯಾ ವಯಸ್ಸಿಗೆ ತಕ್ಕಷ್ಟು ಬಲಿತಿರಲಿಲ್ಲ, ಒಂದೂವರೆ ವರ್ಷದ ಮಗುವಿನ ಕರುಳಿನಲ್ಲಿ ಎಳೆಗೂಸಿನ ಬ್ಯಾಕ್ಟೀರಿಯಾ. ಹಾಗಾದರೆ ಬಲಿತ ಬ್ಯಾಕ್ಟೀರಿಯಾಕ್ಕೆ ಏನು ಇಷ್ಟ ಎಂದು ಅಲ್ಲಿನ ಅಡುಗೆಮನೆಯ ಪದಾರ್ಥಗಳನ್ನು ಒಂದೊಂದಾಗಿ ಇಲಿಗಳಲ್ಲಿ, ಹಂದಿಮರಿಗಳಲ್ಲಿ ಪರೀಕ್ಷಿಸಿದರು. ಕೊನೆಗೆ ಉಳಿದವು ಕಡಲೆ ಹಿಟ್ಟು, ಶೇಂಗಾ ಹಿಟ್ಟು, ಸೋಯಾ ಹಿಟ್ಟು ಮತ್ತು ಬಾಳೆಕಾಯಿ. 2021ರಲ್ಲಿ ಫಲಿತಾಂಶ ಪ್ರಕಟವಾಯಿತು: ಒಂದರಿಂದ ಒಂದೂವರೆ ವರ್ಷದ 123 ಮಕ್ಕಳು, ಮೂರು ತಿಂಗಳು. ಈ ಮಿಶ್ರಣದಲ್ಲಿ ಕ್ಯಾಲೊರಿ ಕಡಿಮೆ ಇದ್ದರೂ, ರೂಢಿಯ ಪೌಷ್ಟಿಕ ಪೊಟ್ಟಣಕ್ಕಿಂತ ಮಕ್ಕಳ ತೂಕ ಉತ್ತಮವಾಗಿ ಏರಿತು. ಆ ಏರಿಕೆಯ ಜೊತೆ ಕಾಣಿಸಿಕೊಂಡ ಬ್ಯಾಕ್ಟೀರಿಯಾಗಳಲ್ಲಿ ಮುಖ್ಯವಾದದ್ದು ಪ್ರಿವೊಟೆಲ್ಲಾ ಕೋಪ್ರಿ. ಅನ್ನ, ಬೇಳೆ, ತರಕಾರಿ ಉಣ್ಣುವ ಭಾರತೀಯರ ಕರುಳಿನಲ್ಲಿ ಹೇರಳವಾಗಿ ಸಿಗುವ ಪಂಗಡವಿದು. ಭೋಪಾಲ್‌ನ ಐಸರ್ ಎಂಬ ವಿಜ್ಞಾನ ಸಂಶೋಧನಾ ಸಂಸ್ಥೆಯವರು ಭೋಪಾಲ್ ಮತ್ತು ಕೇರಳದ 110 ಜನರನ್ನು ನೋಡಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ, ಸಸ್ಯಾಹಾರವೇ ಹೆಚ್ಚಿದ್ದ ಭೋಪಾಲದವರಲ್ಲಿ ಪ್ರಿವೊಟೆಲ್ಲಾ ಎದ್ದು ಕಂಡಿತು. ಮೀನು ಮಾಂಸ ಉಣ್ಣುವ ಕೇರಳದವರಲ್ಲಿ ಬೇರೆ ಪಂಗಡಗಳು ಮುಂದಿದ್ದವು. ಇಬ್ಬರೂ ಆರೋಗ್ಯವಂತರೇ.

ಇದನ್ನು ಓದಿದ ಮೇಲೆ ನಿಮ್ಮ 41 ಅಂಕವನ್ನು ಇನ್ನೊಮ್ಮೆ ನೋಡಿ. ಯಾರ ಕರುಳಿಗೆ ಹೋಲಿಸಿ ಕೊಟ್ಟ ಅಂಕ ಅದು? ವರದಿಯಲ್ಲಿ ಹುಡುಕಿ. ಇಬ್ಬರು ಆರೋಗ್ಯವಂತರ ಬ್ಯಾಕ್ಟೀರಿಯಾವೇ ಒಂದರಂತೆ ಒಂದಿರುವುದಿಲ್ಲ, ಒಬ್ಬರದೇ ಎರಡು ವಾರದ ಅಂತರದಲ್ಲಿ ಬದಲಾಗಿರುತ್ತದೆ. ಇಂಥ ಪರೀಕ್ಷೆಗಳನ್ನು ದಿನನಿತ್ಯದ ಚಿಕಿತ್ಸೆಯಲ್ಲಿ ಬಳಸಲು ಸದ್ಯಕ್ಕೆ ಆಧಾರ ಸಾಲದು ಎಂದು ಹಲವು ದೇಶಗಳ ತಜ್ಞರು 2024ರಲ್ಲಿ ಒಟ್ಟಾಗಿಯೇ ಹೇಳಿದ್ದಾರೆ. ಸಂಶೋಧನೆಗೆ ಅದು ಅಮೂಲ್ಯ. ನಿಮ್ಮ ಭೇದಿಗೆ ಮದ್ದು ಬರೆಯಲು ನನಗೆ ಅದರಿಂದ ಒಂದಕ್ಷರವೂ ಸಿಗುವುದಿಲ್ಲ. ಪರೀಕ್ಷೆ ಮಾಡುವವರೇ ಔಷಧಿಯನ್ನೂ ಮಾರುತ್ತಿದ್ದರೆ ಅಂಕ ಯಾವ ಕಡೆಗೆ ವಾಲುತ್ತದೆ ಎಂಬುದು ನಿಮಗೇ ಗೊತ್ತು. ಕಾಫಿ ಕೊಳ್ಳುವ ವ್ಯಾಪಾರಿ ತನ್ನದೇ ಮಾಪಕದಲ್ಲಿ ತೇವ ನೋಡಿ ಬೆಲೆ ಕಟ್ಟುವಾಗ ನಾವು ಹೇಗೆ ಕಣ್ಣು ಕಿರಿದು ಮಾಡಿ ನಿಲ್ಲುತ್ತೇವೋ, ಹಾಗೆ ನಿಲ್ಲಿ. ಮಗಳನ್ನು ಬೈಯಬೇಡಿ. ಅಪ್ಪನ ಹೊಟ್ಟೆನೋವು ಕಂಡು ತನಗೆ ತೋಚಿದ ದಾರಿಯನ್ನು ಅವಳು ಹಿಡಿದಿದ್ದಾಳೆ.

ಕ್ಯಾಪ್ಸೂಲ್ ಯಾವ ಕಾಲಕ್ಕೂ ಪ್ರಯೋಜನವಿಲ್ಲ ಎಂದು ನಾನು ಹೇಳುತ್ತಿಲ್ಲ. ನಮ್ಮ ಒಡಿಶಾದಲ್ಲೇ ನಡೆದ, 2017ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದಿದೆ: 4,556 ನವಜಾತ ಶಿಶುಗಳು. ಅರ್ಧ ಮಕ್ಕಳಿಗೆ ಏಳು ದಿನ ಲ್ಯಾಕ್ಟೋಬ್ಯಾಸಿಲಸ್ ಪ್ಲಾಂಟಾರಮ್ ಎಂಬ ಬ್ಯಾಕ್ಟೀರಿಯಾದ ಒಂದು ನಿರ್ದಿಷ್ಟ ತಳಿಯನ್ನು, ಅದಕ್ಕೆ ಬೇಕಾದ ನಾರಿನ ಸಮೇತ ಕೊಟ್ಟರು. ನಂಜೇರುವುದು ಮತ್ತು ಸಾವು ಒಟ್ಟು ಸೇರಿ ಶೇ. 40ರಷ್ಟು ಕಡಿಮೆಯಾಯಿತು. ಎರಡು ವಿಷಯ ಗಮನಿಸಿ. ಮಕ್ಕಳ ಕರುಳು ಆಗಷ್ಟೇ ತೆರೆದ ಜಾಗ, ಮತ್ತು ಸಸಿಯ ಜೊತೆ ಗೊಬ್ಬರವನ್ನೂ ಕಳಿಸಿದ್ದರು. ಆಂಟಿಬಯಾಟಿಕ್ ನುಂಗುತ್ತಿರುವ ದಿನಗಳಲ್ಲೇ ಕೆಲವು ಪ್ರೋಬಯಾಟಿಕ್‌ಗಳನ್ನು ಕೊಟ್ಟರೆ ಭೇದಿ ಬರುವ ಸಾಧ್ಯತೆ ತಗ್ಗುತ್ತದೆ ಎಂಬುದಕ್ಕೂ ಆಧಾರವಿದೆ. ಫೆಬ್ರವರಿಯಲ್ಲಿ ಕೇಳಿದ್ದರೆ ನನ್ನ ಉತ್ತರ ಬೇರೆ ಇರುತ್ತಿತ್ತೇನೋ.

ಜುಲೈಯಲ್ಲಿ ಕೇಳುತ್ತಿದ್ದೀರಿ. ವೈಜ್‌ಮನ್ ಸಂಸ್ಥೆಯ ಎರಾನ್ ಎಲಿನಾವ್, ಎರಾನ್ ಸೆಗಾಲ್ ಅವರ ತಂಡ 2018ರಲ್ಲಿ ಆರೋಗ್ಯವಂತ ಸ್ವಯಂಸೇವಕರಿಗೆ ಒಂದು ವಾರ ಆಂಟಿಬಯಾಟಿಕ್ ಕೊಟ್ಟು, ಆಮೇಲೆ ಮೂರು ಗುಂಪು ಮಾಡಿತು. ಒಂದು ಗುಂಪನ್ನು ಹಾಗೆಯೇ ಬಿಟ್ಟರು, ಒಂದಕ್ಕೆ ಹನ್ನೊಂದು ತಳಿಗಳ ಪ್ರೋಬಯಾಟಿಕ್ ಕೊಟ್ಟರು, ಇನ್ನೊಂದಕ್ಕೆ ಮೊದಲೇ ತೆಗೆದಿಟ್ಟಿದ್ದ ಅವರವರದೇ ಮಲದ ಬ್ಯಾಕ್ಟೀರಿಯಾವನ್ನು ಮರಳಿ ಸೇರಿಸಿದರು. ತಮ್ಮದನ್ನೇ ಮರಳಿ ಪಡೆದವರ ಕರುಳು ಕೆಲವೇ ದಿನಗಳಲ್ಲಿ ಹಳೆಯ ಸ್ಥಿತಿಗೆ ಬಂತು. ಸುಮ್ಮನೆ ಬಿಟ್ಟವರದು ಮೂರು ವಾರದ ಸುಮಾರಿಗೆ ಬಹುಮಟ್ಟಿಗೆ ಸುಧಾರಿಸಿತು. ಪ್ರೋಬಯಾಟಿಕ್ ನುಂಗಿದವರದು ತಿಂಗಳುಗಳು ಕಳೆದರೂ ಪೂರ್ತಿ ಮರಳಲಿಲ್ಲ, ಹೊಸಬರು ಜಾಗ ಹಿಡಿದು ಹಳಬರನ್ನು ಒಳಗೆ ಬಿಡಲಿಲ್ಲ. ಇದ್ದವರು ಒಟ್ಟು 21 ಜನ, ಸಣ್ಣ ಅಧ್ಯಯನ. ಇದರ ಮೇಲೆ ಶಾಸನ ಕೆತ್ತಬೇಕಿಲ್ಲ. ಆದರೆ 'ಹೇಗೂ ತೊಂದರೆ ಇಲ್ಲವಲ್ಲ, ನುಂಗಿದರಾಯಿತು' ಎಂಬ ಮಾತನ್ನು ನಾನು ಅಂದಿನಿಂದ ಬಿಟ್ಟಿದ್ದೇನೆ. ಆದ್ದರಿಂದ ನಿಮಗೆ ನನ್ನ ಸಲಹೆ: ಕ್ಯಾಪ್ಸೂಲ್ ಬೇಡ.

ಹಾಗಾದರೆ ಏನು ಉಣ್ಣಬೇಕು? ಪರೀಕ್ಷೆಗಳೆಲ್ಲ ಮುಗಿದು ಬೇರೆ ಕಾಯಿಲೆ ಇಲ್ಲವೆಂದು ಖಾತ್ರಿಯಾದ ಮೇಲಿನ ಮಾತಿದು. ವಯಸ್ಕರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ನಾರು ಬೇಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಪಾಲಿಶ್ ಮಾಡಿದ ಅಕ್ಕಿಯ ಅನ್ನ ನೂರು ಗ್ರಾಂ ಉಂಡರೆ ಒಂದು ಗ್ರಾಂ ನಾರೂ ಸಿಗುವುದಿಲ್ಲ. ಬೆಳಿಗ್ಗೆ ಅಕ್ಕಿ ಒಟ್ಟಿ (ರೊಟ್ಟಿ) ಅಥವಾ ನೂಪುಟ್ಟು (ಒತ್ತು ಶಾವಿಗೆ), ಮಧ್ಯಾಹ್ನ ಅನ್ನ, ರಾತ್ರಿ ಕಡಂಬುಟ್ಟು (ಅಕ್ಕಿ ಕಡುಬು): ಬೇರೆ ಬೇರೆ ಹೆಸರಿನಲ್ಲಿ ನಾವು ಮೂರು ಹೊತ್ತು ಅಕ್ಕಿಯನ್ನೇ ಉಣ್ಣುತ್ತೇವೆ. ಕೊಡಗಿನ ಊಟದ ದುರ್ಬಲ ಜಾಗ ಇದು. ಪಂದಿಯನ್ನು ದೂರುವವರು ಪಕ್ಕದ ಕಡಂಬುಟ್ಟನ್ನು ನೋಡುವುದೇ ಇಲ್ಲ.

ಬಲವಿರುವುದು ಮಳೆಗಾಲದ ಅಡುಗೆಯಲ್ಲಿ. ಕೆಂಬು (ಕೆಸು) ಸೊಪ್ಪಿನ ಕರಿ, ತೆರ್ಮೆ ತೊಪ್ಪು (ಜರಿಗಿಡದ ಚಿಗುರು), ಕುಮ್ಮು (ಅಣಬೆ), ನೆನೆಸಿಟ್ಟ ಬೈಂಬಳೆ (ಕಳಲೆ), ಹಲಸಿನ ಬೀಜ, ಕಾಡುಮಾವಿನ ಕರಿ. ಬೇರೆ ಬೇರೆ ಬ್ಯಾಕ್ಟೀರಿಯಾಕ್ಕೆ ಬೇರೆ ಬೇರೆ ನಾರು ಬೇಕು, ಎಲ್ಲದಕ್ಕೂ ಒಂದೇ ಇಸಬ್‌ಗೋಲ್ ಸಾಲದು. ನಮ್ಮ ಅಜ್ಜಿಯಂದಿರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾಡು, ತೋಟ, ಗದ್ದೆಬದುಗಳಿಂದ ತಂದು ಬೇಯಿಸುತ್ತಿದ್ದ ವೈವಿಧ್ಯ ಈಗ ಪೇಟೆಯ ಎಲೆಕೋಸು ಆಲೂಗಡ್ಡೆಗೆ ಇಳಿದಿದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜಸ್ಟಿನ್ ಸೊನ್ನೆನ್‌ಬರ್ಗ್ 2016ರಲ್ಲಿ ಇಲಿಗಳಲ್ಲಿ ತೋರಿಸಿದ ಸಂಗತಿ ಇಲ್ಲಿ ನೆನಪಾಗುತ್ತದೆ. ನಾರಿಲ್ಲದ ಆಹಾರದಲ್ಲಿ ತಲೆಮಾರಿನಿಂದ ತಲೆಮಾರಿಗೆ ಬ್ಯಾಕ್ಟೀರಿಯಾದ ಬಗೆಗಳು ಕಡಿಮೆಯಾಗುತ್ತಾ ಹೋದವು. ನಾಲ್ಕನೆಯ ತಲೆಮಾರಿಗೆ ಮತ್ತೆ ನಾರು ಹಾಕಿದರೂ ಕಳೆದುಹೋದವು ತಾವಾಗಿ ಮರಳಲಿಲ್ಲ. ಬೈಂಬಳೆಯ ಬಗ್ಗೆ ಒಂದು ಎಚ್ಚರಿಕೆ, ಪೇಟೆಯಲ್ಲಿ ಬೆಳೆದ ಮಕ್ಕಳಿಗೆ ಗೊತ್ತಿರುವುದಿಲ್ಲ: ಹಸಿ ಕಳಲೆಯಲ್ಲಿ ಸಯನೈಡ್ ಬಿಡುಗಡೆ ಮಾಡುವ ಅಂಶವಿದೆ. ನೀರು ಬದಲಿಸುತ್ತಾ ನೆನೆಸಿ, ಚೆನ್ನಾಗಿ ಬೇಯಿಸಿ, ಆ ನೀರನ್ನು ಚೆಲ್ಲಿಯೇ ಬಳಸಬೇಕು.

ನಿಮ್ಮ ತೋಟದಲ್ಲೇ ನೇಂದ್ರ ಬಾಳೆ ಇರಬಹುದು. ಹಣ್ಣಾಗುವ ಮೊದಲು ಒಂದೆರಡು ಕಾಯಿ ಕೊಯ್ದು ಪಲ್ಯ ಮಾಡಿಸಿ. ಬಾಳೆಕಾಯಿಯ ಪಿಷ್ಟದಲ್ಲಿ ಒಂದು ಭಾಗ ಸಣ್ಣ ಕರುಳಿನಲ್ಲಿ ಅರಗದೆ ಬ್ಯಾಕ್ಟೀರಿಯಾದವರೆಗೆ ತಲುಪುತ್ತದೆ, ಢಾಕಾದ ಮಿಶ್ರಣದಲ್ಲಿ ಅದಿದ್ದದ್ದು ಸುಮ್ಮನಲ್ಲ. ಬೇಯಿಸಿ ತಣ್ಣಗಾದ ಅನ್ನದಲ್ಲೂ ಇಂಥ ಪಿಷ್ಟ ಸ್ವಲ್ಪ ಹೆಚ್ಚಾಗುತ್ತದೆ. ಆದರೆ ಕೊಠಡಿಯ ಬಿಸಿಯಲ್ಲಿ ರಾತ್ರಿಯಿಡೀ ಬಿಟ್ಟ ಅನ್ನ ನಿಮ್ಮ ಈಗಿನ ಹೊಟ್ಟೆಗೆ ಬೇಡ. ಕಾಳುಗಳು ನಾರಿನ ಗಣಿ, ನೂರು ಗ್ರಾಂ ಒಣ ಹೆಸರುಕಾಳಿನಲ್ಲಿ ಸುಮಾರು 16 ಗ್ರಾಂ ಇದೆ. ನಾಳೆಯೇ ಒಂದು ಬಟ್ಟಲು ಕಾಳಿನ ಸಾರು ಉಂಡರೆ ಮಾತ್ರ ರಾತ್ರಿ ನನ್ನನ್ನು ಶಪಿಸುತ್ತೀರಿ. ಹಸಿದಿದ್ದ ಬ್ಯಾಕ್ಟೀರಿಯಾ ಒಮ್ಮೆಲೇ ಉಂಡರೆ ಗಾಳಿ ತುಂಬಿಸುತ್ತವೆ. ವಾರಕ್ಕೆ ಎರಡು ಚಮಚದಷ್ಟು ಏರಿಸುತ್ತಾ ಹೋಗಿ. ಬೇಯಿಸಿದ ಬಾಳೆಕಾಯಿ, ಕ್ಯಾರೆಟ್, ಕುಂಬಳದಿಂದ ಶುರು ಮಾಡಿ, ಕಾಳು ಕೊನೆಗಿರಲಿ.

ನಾರನ್ನು ಹೊಗಳುತ್ತಾ ನನಗೆ ಒಗ್ಗದ ಫಲಿತಾಂಶವನ್ನು ಮುಚ್ಚಿಡುವುದು ಸರಿಯಲ್ಲ. 2021ರಲ್ಲಿ ಸ್ಟ್ಯಾನ್‌ಫರ್ಡ್‌ನವರು 36 ಜನರನ್ನು ಎರಡು ಗುಂಪು ಮಾಡಿ ಹತ್ತು ವಾರ ನೋಡಿದರು. ನಾರು ಹೆಚ್ಚಿಸಿದವರಲ್ಲಿ ಬ್ಯಾಕ್ಟೀರಿಯಾದ ವೈವಿಧ್ಯ ಏರಲಿಲ್ಲ. ಮೊಸರಿನಂಥ ಹುದುಗು ಬಂದ ಆಹಾರ ಉಂಡವರಲ್ಲಿ ಏರಿತು, ಉರಿಯೂತ ಸೂಚಿಸುವ 19 ಪ್ರೋಟೀನುಗಳೂ ತಗ್ಗಿದವು. ಹತ್ತು ವಾರ ನಾರಿಗೆ ಸಾಲದೇನೋ ಎಂಬುದು ಅವರದೇ ಊಹೆ, ನನಗೂ ಹಾಗೆಯೇ ಅನಿಸುತ್ತದೆ. ಅದಕ್ಕೇ ಮಧ್ಯಾಹ್ನ ಒಂದು ಲೋಟ ಮಜ್ಜಿಗೆ ಇರಲಿ. ಆಂಟಿಬಯಾಟಿಕ್ ನಂತರ ಕೆಲವರಿಗೆ ಹಾಲು ತಾತ್ಕಾಲಿಕವಾಗಿ ಒಗ್ಗುವುದಿಲ್ಲ, ಮೊಸರು ಮಜ್ಜಿಗೆ ಒಗ್ಗುತ್ತದೆ. ಎರಡು ವಾರ ಹಾಲು ಬಿಟ್ಟು ನೋಡಿ, ವ್ಯತ್ಯಾಸ ಗೊತ್ತಾಗುತ್ತದೆ. ಇಡ್ಲಿ ದೋಸೆ ಹಿಟ್ಟಿನ ಬ್ಯಾಕ್ಟೀರಿಯಾ ಹಬೆಗೂ ಕಾವಲಿಗೂ ಸಿಕ್ಕಿ ಸಾಯುತ್ತವೆ. ಕಾಚಂಪುಳಿಯನ್ನು 'ಕೊಡಗಿನ ವಿನೆಗರ್' ಎಂದು ಕರೆದು ಅದರಲ್ಲಿ ಜೀವಂತ ಬ್ಯಾಕ್ಟೀರಿಯಾ ಇದೆ ಎನ್ನುವವರನ್ನು ನಾನು ಕಂಡಿದ್ದೇನೆ. ಹಣ್ಣಿನ ರಸವನ್ನು ಕಪ್ಪಗೆ ಮಂದವಾಗುವವರೆಗೆ ಗಂಟೆಗಟ್ಟಲೆ ಕುದಿಸಿದ ಮೇಲೆ ಅದರಲ್ಲಿ ಬದುಕಿರುವವರು ಯಾರು? ಅದು ಹುಳಿ, ಕರಿಗೆ ರುಚಿ. ಅದೇ ಹಣ್ಣಿನ ಸಾರ ತುಂಬಿದ, ತೂಕ ಇಳಿಸುವ ಗಾರ್ಸೀನಿಯಾ ಕ್ಯಾಪ್ಸೂಲುಗಳಿಂದ ಯಕೃತ್ತಿಗೆ ಪೆಟ್ಟು ಬಿದ್ದ ಪ್ರಕರಣಗಳು ದಾಖಲಾಗಿವೆ. 'ದಪ್ಪ ಮಾಡುವ ಬ್ಯಾಕ್ಟೀರಿಯಾ' ಎಂದು ಓದಿ ಹೆದರಿ ಆ ಕಡೆ ಹೋಗಬೇಡಿ.

ಇನ್ನು ಪಂದಿ ಕರಿ. ಕೆಂಪು ಮಾಂಸದಲ್ಲಿರುವ ಕಾರ್ನಿಟಿನ್ ಎಂಬ ಅಂಶವನ್ನು ಕರುಳಿನ ಬ್ಯಾಕ್ಟೀರಿಯಾ ಮುರಿದು ಒಂದು ಅನಿಲ ಮಾಡುತ್ತವೆ, ಯಕೃತ್ತು ಅದನ್ನು ಟಿಎಂಎಓ ಎಂಬ ವಸ್ತುವಾಗಿ ಬದಲಿಸುತ್ತದೆ. ಇದರ ಮಟ್ಟ ಹೆಚ್ಚಿದ್ದವರಲ್ಲಿ ಹೃದಯದ ಕಾಯಿಲೆ ಹೆಚ್ಚು ಎಂದು ಅಮೆರಿಕದ ಕ್ಲೀವ್‌ಲ್ಯಾಂಡಿನ ಸ್ಟ್ಯಾನ್ಲಿ ಹೇಜನ್ ಅವರ ತಂಡ ಕಂಡಿತು. ತಮಾಷೆಯೆಂದರೆ, 2013ರಲ್ಲಿ ಅವರು ಹಾಲನ್ನೂ ಮುಟ್ಟದ ಸಸ್ಯಾಹಾರಿಯೊಬ್ಬರನ್ನು ಒಪ್ಪಿಸಿ ಮಾಂಸದ ತುಂಡು ತಿನ್ನಿಸಿದಾಗ ಈ ವಸ್ತು ಬಹುತೇಕ ಹುಟ್ಟಲೇ ಇಲ್ಲ. ಆ ಕೆಲಸದ ಬ್ಯಾಕ್ಟೀರಿಯಾ ಅವರಲ್ಲಿ ಬೆಳೆದೇ ಇರಲಿಲ್ಲ. ದನದ ಮಾಂಸ, ಕುರಿಮಾಂಸಕ್ಕಿಂತ ಹಂದಿಮಾಂಸದಲ್ಲಿ ಕಾರ್ನಿಟಿನ್ ಕಡಿಮೆ. ಸಮುದ್ರದ ಮೀನಿನಲ್ಲಿ ಟಿಎಂಎಓ ನೇರವಾಗಿಯೇ ಇರುತ್ತದೆ, ಆದರೂ ಮೀನು ಹೃದಯಕ್ಕೆ ಕೆಟ್ಟದ್ದೆಂದು ಯಾರೂ ಹೇಳುತ್ತಿಲ್ಲ. ಹೀಗಾಗಿ ಇದೊಂದೇ ಕಾರಣಕ್ಕೆ ಪಂದಿಯನ್ನು ಬಿಡಿ ಎನ್ನಲಾರೆ. ಹೊಗೆ ಹಿಡಿಸಿ, ಉಪ್ಪು ಹಾಕಿ ಕಾಪಿಟ್ಟ ಮಾಂಸದ ವಿಷಯ ಬೇರೆ. ಅಂಥ ಸಂಸ್ಕರಿಸಿದ ಮಾಂಸ ದೊಡ್ಡ ಕರುಳಿನ ಕ್ಯಾನ್ಸರ್‌ಗೆ ಕಾರಣವಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2015ರಲ್ಲೇ ಪಟ್ಟಿ ಮಾಡಿದೆ. ಒಲೆಯ ಮೇಲೆ ತೂಗುಹಾಕಿ ಒಣಗಿಸಿದ ಮಾಂಸ ವರ್ಷಕ್ಕೊಮ್ಮೆ ನೆಂಟರು ಬಂದಾಗ ಸಾಕು. ಪಂದಿ ಕರಿ ಭಾನುವಾರಕ್ಕೆ ಇರಲಿ, ಕೈಲ್‌ಪೊಳ್ದ್ ಹಬ್ಬಕ್ಕೆ ಇರಲಿ, ಪಕ್ಕದಲ್ಲಿ ಸೊಪ್ಪಿನ ಪಲ್ಯ ಕಡಂಬುಟ್ಟಿನಷ್ಟೇ ಜಾಗ ಹಿಡಿದಿರಲಿ. ಭೇದಿ ನಿಲ್ಲುವವರೆಗೆ ಕೊಬ್ಬಿನ ತುಂಡುಗಳನ್ನು ಮಗಳ ತಟ್ಟೆಗೆ ದಾಟಿಸಿ.

ಕಾಫಿಯ ವಿಷಯದಲ್ಲಿ ನಾನು ಪಕ್ಷಪಾತಿ ಎಂದು ಮೊದಲೇ ಒಪ್ಪಿಕೊಳ್ಳುತ್ತೇನೆ. 2024ರಲ್ಲಿ ನಿಕೋಲಾ ಸೆಗಾಟಾ, ಟಿಮ್ ಸ್ಪೆಕ್ಟರ್ ಮತ್ತಿತರ ಸಂಶೋಧಕರು ಅಮೆರಿಕ ಮತ್ತು ಬ್ರಿಟನ್ನಿನ 22,867 ಜನರ ಮಾಹಿತಿ ಇಟ್ಟುಕೊಂಡು, ಕಾಫಿ ಕುಡಿಯುವವರನ್ನೂ ಕುಡಿಯದವರನ್ನೂ ಕರುಳಿನ ಬ್ಯಾಕ್ಟೀರಿಯಾದಿಂದಲೇ ಬೇರ್ಪಡಿಸಬಹುದು ಎಂದು ತೋರಿಸಿದರು. ಲಾಸೋನಿಬ್ಯಾಕ್ಟರ್ ಅಸ್ಯಾಕರೋಲಿಟಿಕಸ್ ಎಂಬ ನಾಲಗೆ ಹೊರಳದ ಹೆಸರಿನ ಒಂದು ಬ್ಯಾಕ್ಟೀರಿಯಾ ಕಾಫಿ ಕುಡಿಯುವವರಲ್ಲಿ ಹಲವು ಪಟ್ಟು ಹೆಚ್ಚು. ಕೆಫೀನ್ ತೆಗೆದ ಕಾಫಿ ಕುಡಿದವರಲ್ಲೂ ಹೆಚ್ಚೇ. ಪ್ರಯೋಗಾಲಯದಲ್ಲಿ ಕಾಫಿ ಹಾಕಿದರೆ ಅದು ಚೆನ್ನಾಗಿ ಬೆಳೆಯಿತು. ಅದರಿಂದ ನಮಗೆ ಲಾಭವೋ ನಷ್ಟವೋ ಎಂಬುದು ಆ ಅಧ್ಯಯನದಿಂದ ಇತ್ಯರ್ಥವಾಗಿಲ್ಲ, ನಾನು ಇದನ್ನು ಹೇಳುತ್ತಿರುವುದು ಆಹಾರ ಹೇಗೆ ತನ್ನ ಅತಿಥಿಯನ್ನು ತಾನೇ ಕರೆತರುತ್ತದೆ ಎಂದು ತೋರಿಸಲು. ಕಾಫಿಯಲ್ಲಿರುವ ಕ್ಲೋರೊಜೆನಿಕ್ ಆಮ್ಲ ಎಂಬ ಸಸ್ಯದ ಅಂಶದಲ್ಲಿ ಮೂರನೇ ಎರಡರಷ್ಟು ದೊಡ್ಡ ಕರುಳಿನ ಬ್ಯಾಕ್ಟೀರಿಯಾದವರೆಗೂ ಇಳಿಯುತ್ತದೆ. ಅರೇಬಿಕಾಕ್ಕಿಂತ ನಿಮ್ಮ ರೊಬಸ್ಟಾದಲ್ಲಿ ಅದು ಹೆಚ್ಚು, ಮಾರುಕಟ್ಟೆಯಲ್ಲಿ ಸದಾ ಎರಡನೇ ಸಾಲಿನಲ್ಲಿ ನಿಲ್ಲುವ ಬೆಳೆಗೆ ಇಷ್ಟಾದರೂ ಗೌರವ ಸಿಗಲಿ. ಪುಡಿಗೆ ಬೆರೆಸುವ ಚಿಕೋರಿಯ ಬೇರಿನಲ್ಲಿ ಇನುಲಿನ್ ಎಂಬ, ಬ್ಯಾಕ್ಟೀರಿಯಾ ಮೆಚ್ಚುವ ನಾರಿದೆ, ಹುರಿಯುವಾಗ ಅದರಲ್ಲಿ ಬಹಳಷ್ಟು ಸುಟ್ಟುಹೋಗುತ್ತದೆ. ಸದ್ಯದ ನಿಮ್ಮ ಸ್ಥಿತಿಗೆ ಇಷ್ಟು ಮುಖ್ಯ: ಸುಮಾರು ಮೂವರಲ್ಲಿ ಒಬ್ಬರಿಗೆ ಕಾಫಿ ಕುಡಿದ ಕೆಲವೇ ನಿಮಿಷಗಳಲ್ಲಿ ದೊಡ್ಡ ಕರುಳು ಹಿಂಡತೊಡಗುತ್ತದೆ. ಬೆಳಿಗ್ಗೆ ಖಾಲಿ ಹೊಟ್ಟೆಯ ಲೋಟ ಆದಮೇಲೆ ಓಡಬೇಕಾಗುತ್ತದೆಯೇ ಎಂದು ಗಮನಿಸಿ. ಹೌದಾದರೆ ಅದನ್ನು ತಿಂಡಿಯ ನಂತರಕ್ಕೆ ತಳ್ಳಿ, ದಿನಕ್ಕೆ ಎರಡಕ್ಕೆ ಇಳಿಸಿ, ಹಾಲಿಲ್ಲದೆ ಕುಡಿದು ನೋಡಿ. ಬಿಡುವ ಅಗತ್ಯವಿಲ್ಲ.

ಎಷ್ಟು ದಿನದಲ್ಲಿ ಸರಿಹೋಗುತ್ತದೆ ಎಂದು ನೀವು ಕೇಳಿಲ್ಲ, ಆದರೂ ಮುಂದಿನ ಪತ್ರದಲ್ಲಿ ಕೇಳುತ್ತೀರಿ. ಡೆನ್ಮಾರ್ಕಿನ ಸಂಶೋಧಕರು 2018ರಲ್ಲಿ ಹನ್ನೆರಡು ಆರೋಗ್ಯವಂತ ಗಂಡಸರಿಗೆ ನಾಲ್ಕು ದಿನ ಮೂರು ಬಲವಾದ ಆಂಟಿಬಯಾಟಿಕ್ ಒಟ್ಟಿಗೆ ಕೊಟ್ಟು ನೋಡಿದರು. ಒಂದೂವರೆ ತಿಂಗಳಲ್ಲಿ ಕರುಳು ಬಹುಮಟ್ಟಿಗೆ ಹಳೆಯ ರೂಪಕ್ಕೆ ಬಂತು, ಒಂಬತ್ತು ಸಾಮಾನ್ಯ ಬಗೆಗಳು ಮಾತ್ರ ಆರು ತಿಂಗಳಾದರೂ ಹೆಚ್ಚಿನವರಲ್ಲಿ ಕಾಣಲಿಲ್ಲ. ನಿಮಗೆ ಐದು ತಿಂಗಳಾಗಿದೆ ಎಂಬುದಕ್ಕೇ ನಾನು ಮೊದಲ ಪರಿಚ್ಛೇದದ ಪರೀಕ್ಷೆಗಳನ್ನು ಅಷ್ಟು ಒತ್ತಿ ಹೇಳಿದ್ದು. ಮುಂದಿನ ಸಲ ಹಲ್ಲು ನೋವೆಂದು ಔಷಧಿ ಅಂಗಡಿಯಲ್ಲಿ ನೀವೇ ಮಾತ್ರೆ ಕೇಳಿ ತೆಗೆದುಕೊಳ್ಳಬೇಡಿ. ಎರಡನೆಯ ಕೋರ್ಸು ಹಾಗೆ ಬಂದದ್ದೆಂದು ನನ್ನ ಗುಮಾನಿ.

ಒಂದು ಚಿಕ್ಕ ವಿಷಯ. ಈ ಉತ್ತರ ನಿಮ್ಮ ಕೈ ಸೇರುವ ಹೊತ್ತಿಗೆ ಕಕ್ಕಡ ಹದಿನೆಂಟು, ನಾವು ಕೊಡಗಿನವರು ಮದ್ದು ತೊಪ್ಪು (ಮದ್ದಿನ ಸೊಪ್ಪು) ಉಣ್ಣುವ ದಿನ, ಹತ್ತಿರವಾಗಿರುತ್ತದೆ. ಮದ್ದು ತೊಪ್ಪಿನ ಪಾಯಸವನ್ನು ಧಾರಾಳವಾಗಿ ಉಣ್ಣಿ, ಸಕ್ಕರೆ ಕಾಯಿಲೆ ಇದ್ದರೆ ಬೆಲ್ಲ ಕಡಿಮೆ ಇರಲಿ. ಆದರೆ ರಕ್ತ, ಮಲ, ಮೂತ್ರದ ಪರೀಕ್ಷೆಗೆ ಅದರ ಮರುದಿನ ಮಾತ್ರ ಹೋಗಬೇಡಿ. ಹೋಗಲೇಬೇಕಾದರೆ ಲ್ಯಾಬಿನ ಹುಡುಗಿಗೆ ಮೊದಲೇ ಹೇಳಿ. ಹೊರ ಜಿಲ್ಲೆಯಿಂದ ಬಂದವಳಾಗಿದ್ದರೆ, ಆ ಸೊಪ್ಪಿನಿಂದ ಕೆಂಪಾದ ಮೂತ್ರ ನೋಡಿ ಅವಳು ನಿಮ್ಮನ್ನು ಅಂದೇ ಮೈಸೂರಿಗೆ ಕಳಿಸಿಬಿಟ್ಟಾಳು.